ಮುಂಬಾಗಿಲ ಕರೆ

ಕಡಲ ದಂಡೆಯ ಊರಿನಲ್ಲಿ ಒಬ್ಬ ಅಜ್ಜಿ ಇದ್ದಳಂತೆ. ಅವಳಿಗೆ ಇಬ್ಬರು ಮೊಮ್ಮಕ್ಕಳಂತೆ. ದೊಡ್ಡವಳು ಮನೆಯಲ್ಲೇ ಉಳಿದಳು, ಚಿಕ್ಕವಳು ಊರು ಬಿಟ್ಟಳು. ಕಥೆ ಹೀಗೆ ಶುರುವಾದರೆ ಕೊನೆಗೆ ಉಳಿದವಳಿಗೇ ಒಳ್ಳೆಯದಾಗಬೇಕು. ಸಭಾಮನೆಯ ಅಡುಗೆಕೋಣೆಯಲ್ಲಿ ಪಚ್ಚಿಲೆ ಚಿಪ್ಪು ಉಜ್ಜುತ್ತಿದ್ದ ಹುಹಾನಾ ಬಹಳ ವರ್ಷ ಹಾಗೇ ನಂಬಿದ್ದಳು.

"ಆ ಡಬ್ಬಿ ಮುಟ್ಟಬೇಡ ಕಣೇ," ಎಂದಳು ಪಾರೆ ಚಿಕ್ಕಮ್ಮ, ಫ್ರಿಜ್ಜಿನ ಕಡೆ ತೋರಿಸಿ. "ಕೀನಾ ಇದೆ. ಮೆರೆಯಾನಾಗೆ."

"ತಣ್ಣೀರಲ್ಲಿ ಮುಳುಗಿ, ಬಂಡೆಗಂಟಿದ ಆ ಮುಳ್ಳುಚಿಪ್ಪುಗಳನ್ನ ಕಿತ್ತು, ಚುಚ್ಚಿಸ್ಕೊಂಡು ತಂದೋಳು ನಾನು."

"ಹೌದಮ್ಮಾ, ನಿನಗ್ಯಾರು ಸಮ! ಆದ್ರೆ ಇಡೀ ಕೊಲ್ಲಿ ನಮಗೇ ಕೊಡಿ ಅಂತಿದ್ದ ಕಂಪನಿ ಬಾಯಲ್ಲಿ 'ಅರ್ಧ ಪಾಲು ನಿಮ್ದು' ಅನ್ನಿಸಿದೋಳು ಯಾರು? ನಿನ್ ತಂಗಿ ತಾನೇ?"

ಪಚ್ಚಿಲೆ ಕಾರ್ಖಾನೆಯ ಪಾಲುದಾರಿಕೆಗೆ ಇವತ್ತು ಸಹಿ. ಆಕ್ಲೆಂಡಿನ ಕಂಪನಿಯಲ್ಲಿ ಕೆಲಸಕ್ಕಿದ್ದ ಮೆರೆಯಾನಾ ಅವರ ಕಡೆಯವಳಾಗಿಯೇ ಬರುತ್ತಿದ್ದಳು, ಹುಟ್ಟಿದೂರಿಗೆ ಅತಿಥಿಯಾಗಿ. ಸಭಾಮನೆಯ ಪದ್ಧತಿಯಂತೆ ಮನೆಯ ಹೆಂಗಸು ದನಿಯೆತ್ತಿ ಹಾಡಿ ಕರೆಯಬೇಕು, ಬಂದವರ ಕಡೆಯ ಹೆಂಗಸು ಓಗೊಡಬೇಕು. ಅಲ್ಲಿಯವರೆಗೆ ಯಾರೂ ಗೇಟು ದಾಟುವಂತಿಲ್ಲ.

ಸಾಯುವಾಗ ಅಜ್ಜಿ ಹುಹಾನಾಳ ಕೈ ಹಿಡಿದು ಕೇಳಿದ್ದು ಅದೊಂದೇ. "ಅವಳು ಬಂದ ದಿನ ಮುಂಬಾಗಿಲಿಂದ ನೀನೇ ಕರೀಬೇಕು, ಪುಟ್ಟಾ." ಬಾಯಿ ಒರೆಸಿ, ಹಾಸಿಗೆ ಬದಲಿಸಿದವಳ ಹತ್ತಿರ ಕೇಳಿದ್ದೂ ತಂಗಿಗಾಗಿಯೇ! ಹೂಂ ಅಂದಿದ್ದಳು ಹುಹಾನಾ. ಆಮೇಲೆ ಮೆರೆಯಾನಾ ಬಂದಾಗಲೆಲ್ಲ ಇವಳಿಗೆ ಗಂಟಲು ನೋವು. ತಂಗಿ ಏನೂ ಕೇಳದೆ ಅಡುಗೆಕೋಣೆಯ ಬಾಗಿಲಿನಿಂದ ಒಳಗೆ ಬರುತ್ತಿದ್ದಳು.

"ಇವತ್ತೂ ಗಂಟಲು ನೋವಾ?" ಚಿಕ್ಕಮ್ಮ ಕೇಳಿದಳು. "ನನ್ನನ್ನ ನೆಚ್ಕೋಬೇಡ. ನನ್ನುಸಿರು ಮೆಟ್ಟಿಲವರೆಗೂ ಹೋಗಲ್ಲ."

ಹೊರಗೆ ತುಂತುರು. ಜಗಲಿಯ ಮುದುಕರೆಲ್ಲ "ನಮ್ಮುಡುಗಿ ನೋಡ್ರೋ!" ಎಂದು ಗೇಟಿನ ಕಡೆಗೇ ಕತ್ತು ಚಾಚಿದ್ದರು. ಅಲ್ಲಿ ಕರಿಕೋಟಿನ ಗಂಡಸರ ಮುಂದೆ ಮೆರೆಯಾನಾ. ಹುಹಾನಾ ಕೈ ಒರೆಸಿಕೊಂಡು, ಅಜ್ಜಿಯ ಶಾಲು ಹೊದ್ದು ಮುಂಬಾಗಿಲಲ್ಲಿ ನಿಂತಳು.

"ದೂರದವರೇ, ಬನ್ನೀ... ಅಪರಿಚಿತರೇ, ಬನ್ನೀ..."

ಎಲ್ಲರಿಗೂ ತಿಳಿಯಿತು. ಕರೆಯಲ್ಲಿ ತಂಗಿಗೆ ಜಾಗವಿರಲಿಲ್ಲ.

ಮೆರೆಯಾನಾಳ ಬಾಯಿ ತೆರೆಯಿತು, ದನಿ ಬರಲಿಲ್ಲ. ಕೋಟಿನವರು ಮುಖ ಮುಖ ನೋಡಿಕೊಂಡರು. ಒಲೆಯ ಮುಂದೆ ಕೂತಂತೆ ಹುಹಾನಾಳ ಎದೆ ಬೆಚ್ಚಗಾಯಿತು. ನಿಂತಿರಲಿ. ನೆನೆಯಲಿ. ಎಲ್ಲರೂ ಕಣ್ಣು ತುಂಬ ನೋಡಲಿ.

"ಬಿಡೇ," ಬೆನ್ನ ಹಿಂದಿನಿಂದ ಪಾರೆ ಚಿಕ್ಕಮ್ಮ ಗೊಣಗಿದಳು. "ಬಂದೋರು ಬಂದ ಹಾಗೇ ಹೋಗ್ಲಿ. ಕೀನಾ ಪೂರ್ತಿ ನೀನೇ ತಿನ್ನು."

ಗೇಟಿನ ಬಳಿ ಮೆರೆಯಾನಾ ಮೂಗನ್ನು ತೋಳಿಗೆ ಒರೆಸಿಕೊಂಡಳು. ಚಿಕ್ಕಂದಿನಲ್ಲಿ, ಮೀನುದೋಣಿಯಲ್ಲಿ ಜಾಗ ಕೊಡದೆ ಅಕ್ಕ ದಂಡೆಯಲ್ಲೇ ಬಿಟ್ಟು ಹೋದಾಗ ಒರೆಸಿಕೊಳ್ಳುತ್ತಿದ್ದ ಹಾಗೆ.

ಹುಹಾನಾ ಹೊಟ್ಟೆಯಾಳದಿಂದ ಉಸಿರೆಳೆದಳು.

"ನಮ್ಮಜ್ಜಿಯ ಮೊಮ್ಮಗಳೇ, ಬಾರೇ... ಈ ಉಪ್ಪುನೀರಲ್ಲಿ ಮಿಂದವಳೇ, ನಿನ್ನವರನ್ನೂ ಕರೆದುಕೊಂಡು ಮುಂಬಾಗಿಲಿಂದ ಬಾರೇ..."

ತುಂತುರಿನಾಚೆಯಿಂದ ಓಗೊಡುವ ದನಿ ಮೊದಲು ಎಳೆಯಾಗಿ ಬಂತು, ಆಮೇಲೆ ತುಂಬಿಕೊಂಡಿತು. ಜಗಲಿಯ ಮುದುಕರು ಟೋಪಿ ತೆಗೆದರು. ಅದು ಅಜ್ಜಿಯದೇ ದನಿ. ಅಜ್ಜಿಯ ಕರೆಯನ್ನು ಪದ ಪದ ಕಲಿತು ಇಟ್ಟುಕೊಂಡವಳು ಹುಹಾನಾ; ದನಿ ಮಾತ್ರ ಊರು ಬಿಟ್ಟವಳ ಜೊತೆ ಹೋಗಿತ್ತು.

ಒದ್ದೆ ಹುಲ್ಲಿನ ಮೇಲೆ ಬೂಟುಗಳು ಕದಲಿದವು. ಅವುಗಳ ಮುಂದೆ ತಂಗಿ. ಹುಹಾನಾ ಶಾಲನ್ನು ಬಿಗಿಯಾಗಿ ಎಳೆದುಕೊಂಡು, ಬಾಗಿಲಿಂದ ಪಕ್ಕಕ್ಕೆ ಸರಿದು ನಿಂತಳು.