ಒಬ್ಬನ ಅಳತೆಯ ಜಾಕೆಟ್

ನಾನು ಒಂದು ಜಾಕೆಟ್. ಮದುವೆ ಮನೆಗೋ ಬೆಳಗಿನ ವಾಕಿಂಗಿಗೋ ಹಾಕಿಕೊಂಡು ಹೋಗುವಂಥದ್ದಲ್ಲ, ಮೋಟಾರ್ ಸೈಕಲ್ ಓಡಿಸುವವರಿಗೆಂದೇ ಹೊಲಿದದ್ದು. ಮೈಯೆಲ್ಲ ಗಾಳಿಯಾಡುವ ಗಟ್ಟಿ ಬಲೆಬಟ್ಟೆ. ಭುಜ, ಮೊಣಕೈ, ಬೆನ್ನಿನ ಕಡೆ ಒಳಗೆ ಚೀಲ ಮಾಡಿ ಪ್ಯಾಡ್ ಇಟ್ಟಿದ್ದಾರೆ. ಒತ್ತಿದರೆ ಮೆತ್ತಗಾಗುತ್ತವೆ, ಗುದ್ದಿದರೆ ಗಟ್ಟಿಯಾಗುತ್ತವೆ. ದೊಡ್ಡ ಶೆಡ್ಡೊಂದರಲ್ಲಿ ಸಾಲಾಗಿ ಕೂತ ಹೆಂಗಸರು ನನ್ನನ್ನು ಹೊಲಿದರು. ಕೊನೆಯವಳು ತೋಳು ಹಿಡಿದು ಜೋರಾಗಿ ಜಗ್ಗಿದಳು. ಹರಿಯಲಿಲ್ಲ. ಪೆಟ್ಟಿಗೆಗೆ ಹಾಕಿದಳು. ನಾನು ಯಾರ ಮೈಗೆ ಹೋಗುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ.

ಹುಬ್ಬಳ್ಳಿಯ ಫಾರೂಕ್ ಎಂಬುವರ ಅಂಗಡಿಯಲ್ಲಿ ಬಹಳ ದಿನ ತೂಗಾಡಿದೆ. ನನ್ನ ಎಡಕ್ಕೆ ಕರೀ ಚರ್ಮದ ಜಾಕೆಟ್, ಬಲಕ್ಕೆ ಹಿಮದ ನಾಡಿಗೆ ಹೋಗುವವರ ದಪ್ಪನೆಯದು. ಬಂದವರೆಲ್ಲ ಅವೆರಡನ್ನೇ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಗಂಡ ಹೆಂಡತಿ ಬಂದರು. ಗಂಡ ಪ್ರಭುಲಿಂಗ, ಔಷಧ ಕಂಪನಿಯ ಪ್ರತಿನಿಧಿ. ಡಾಕ್ಟರುಗಳನ್ನು ಕಾಣಲು ವಾರವಿಡೀ ಬೈಕಿನ ಮೇಲೆಯೇ ಇರುವವನು. ಕೊಪ್ಪಳದ ಕಡೆ ಉರಿಬಿಸಿಲು, ಯಲ್ಲಾಪುರ ದಾಟಿದರೆ ಜಡಿಮಳೆ, ಬೆಳಗಾವಿಯಲ್ಲಿ ನಸುಕಿನ ಚಳಿ, ಎಲ್ಲವೂ ಅವನ ಪಾಲಿಗೆ ಬಂದಿದ್ದವು. ಹೆಂಡತಿ ಮಹಾದೇವಿ ಮನೆಯಲ್ಲೇ ರವಿಕೆ ಹೊಲಿಯುವವಳು. ಪ್ರಭುಲಿಂಗ ಸೀದಾ ಚರ್ಮದ್ದಕ್ಕೆ ಕೈ ಹಾಕಿದ.

"ಅದನ್ನ ಹಾಕ್ಕೊಂಡು ಕೊಪ್ಪಳಕ್ಕ ಹೋಗ್ತೀರೇನು?" ಎಂದಳು ಮಹಾದೇವಿ. "ಮುಂಜಾನೆ ಹಾಕ್ಕೊಂಡು ಹನ್ನೊಂದಕ್ಕ ತಗದು ಹಿಂದಿನ ಸೀಟಿಗೆ ಕಟ್ತೀರಿ. ಬಿದ್ರ ಪೆಟ್ಟಾಗೋದು ಸೀಟಿಗೋ, ನಿಮಗೋ?"

ಫಾರೂಕ್ ನಕ್ಕರು. "ಅಕ್ಕಾರು ಹೇಳೋದು ಖರೇ ಐತಿ ಸರ್. ನಮ್ಮ ಬಿಸಲಿಗೆ ಇದ ಛಲೋ," ಎಂದು ನನ್ನನ್ನು ಇಳಿಸಿ ಕೊಟ್ಟರು. ಚಳಿಗೆ ಬೇಕಾದರೆ ಒಳಗೊಂದು ಬೆಚ್ಚನೆಯ ಪದರ ಗುಂಡಿ ಹಾಕಿ ಸೇರಿಸಬಹುದು, ಮಳೆಗೆ ಮಾತ್ರ ಮೇಲೊಂದು ಬೇರೆ ಕೋಟು ಬೇಕು ಎಂದರು. ಮಹಾದೇವಿ ನನ್ನನ್ನು ಒಳಹೊರಗು ಮಾಡಿ ಹೊಲಿಗೆ ನೋಡಿದಳು. ಎರಡು ಸಾಲು ಹೊಲಿಗೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅವಳ ಬೆರಳು ಹರಿದಾಡಿತು. ಪ್ರಭುಲಿಂಗನಿಗೆ ತೊಡಿಸಿ, ಕೈ ಮಡಚಲು ಹೇಳಿ, ಪ್ಯಾಡ್ ಮೊಣಕೈಯ ಮೇಲೆಯೇ ಕೂತಿದೆಯೇ ಎಂದು ಒತ್ತಿ ನೋಡಿದಳು.

"ಅಳತಿ ಸರಿ ಐತಿ. ಇದನ್ನ ಕಟ್ರಿ."

"ಲೇಡೀಸ್‍ದೂ ಅದಾವ್ರಿ," ಎಂದರು ಫಾರೂಕ್.

"ನೀ ಬೈಕ್ ಮ್ಯಾಲ ಕುಂಡ್ರೋದು ವರ್ಷಕ್ಕ ಎರಡ ಸಲ," ಎಂದ ಪ್ರಭುಲಿಂಗ. "ನಿನಗ ಮುಂದ ನೋಡೋಣಂತ."

ಅವಳೂ ಬೇಡವೆಂದು ತಲೆಯಾಡಿಸಿದಳು. ಸೀರೆಯ ಮೇಲೆ ಜಾಕೆಟ್ಟೇ ಎಂದು ನಕ್ಕಳು. ನಾವು ಮೂವರೂ ಮನೆಗೆ ಬಂದೆವು.

ಅಲ್ಲಿಂದ ಎರಡು ವರ್ಷ ನಾನು ಅವನ ಮೈಗೆ ಅಂಟಿಕೊಂಡೇ ಇದ್ದೆ. ಬೇಸಿಗೆಯಲ್ಲಿ ನನ್ನ ತೂತುಗಳಿಂದ ಬಿಸಿಗಾಳಿ ನುಗ್ಗಿ ಅವನ ಬೆವರನ್ನು ಆರಿಸುತ್ತಿತ್ತು. ಬೆವರಿನ ಉಪ್ಪು ನನ್ನ ಕತ್ತಿನ ಸುತ್ತ ಬೆಳ್ಳಗೆ ಗೆರೆ ಮೂಡಿಸಿತು. ಒಂದು ಆಷಾಢದಲ್ಲಿ, ಈಗ ನಿಲ್ಲುತ್ತದೆ ಎಂದುಕೊಂಡು ಮಳೆಕೋಟು ತೊಡದೆ ಘಟ್ಟ ಇಳಿದ. ನೀರು ಕುಡಿದ ನಾನು ಕಲ್ಲಿನ ಹಾಗೆ ಭಾರವಾದೆ, ಅವನು ನಾಲ್ಕು ದಿನ ಜ್ವರದಲ್ಲಿ ಮಲಗಿದ. ಮಹಾದೇವಿ ಬಿಸಿನೀರಿನಲ್ಲಿ ನನ್ನನ್ನು ತೊಳೆದು ನೆರಳಲ್ಲಿ ಒಣಹಾಕುತ್ತ ಅವನನ್ನು ಬೈದಳು. ಬೈಗುಳದಲ್ಲಿ ಪ್ರೀತಿ ಇತ್ತು. ಆ ಮನೆಯಲ್ಲಿ ಆಗ ನಗುವೂ ಇತ್ತು.

ಮಹಾದೇವಿಯ ತಂಗಿ ಗದಗಿನಲ್ಲಿದ್ದಳು. ಅವಳು ಬಸುರಿಯಾಗಿ, ಕುಬಸದ ಶಾಸ್ತ್ರ ಚೈತ್ರದಲ್ಲಿ ಬಂತು. ಬಸ್ಸಿಗೆ ಹೋದರೆ ತಡವಾಗುತ್ತದೆಂದು ಬೈಕಿನಲ್ಲೇ ಹೊರಟರು. ಇಳಕಲ್ ಸೀರೆ ಉಟ್ಟು, ತಂಗಿಗೆ ಹೊಲಿದ ರವಿಕೆಯ ಚೀಲ ಹಿಡಿದು, ಹೆಲ್ಮೆಟ್ ಹಾಕಿಕೊಂಡು ಅವಳು ಬಾಗಿಲಲ್ಲಿ ನಿಂತಿದ್ದಳು. ಪ್ರಭುಲಿಂಗ ನನ್ನನ್ನು ಮೊಳೆಯಲ್ಲೇ ಬಿಟ್ಟು ಹೊರಟಿದ್ದ.

"ಜಾಕೀಟ ಹಾಕ್ಕೋರಿ."

"ನಿನಗಿಲ್ಲದ್ದು ನನಗ್ಯಾಕ? ಬಿಸಲು ಭಾಳ ಐತಿ."

"ಓಡಸೋರು ನೀವು. ಹಾಕ್ಕೋರಿ ಅಂದ್ರ ಹಾಕ್ಕೋರಿ."

ಅವಳೇ ತಂದು ತೊಡಿಸಿ ಜಿಪ್ ಎಳೆದಳು.

ಅಣ್ಣಿಗೇರಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಯಾವುದೋ ಟಿಪ್ಪರಿನಿಂದ ಸುರಿದ ಜಲ್ಲಿ ರಸ್ತೆಯ ಮೇಲೆ ಹರಡಿತ್ತು. ಬೈಕಿನ ಹಿಂದಿನ ಗಾಲಿ ಜಾರಿತು. ಮರುಕ್ಷಣ ನಾನು ನೆಲಕ್ಕೆ ಬಿದ್ದೆ. ಡಾಂಬರು ನನ್ನ ಬಲತೋಳನ್ನು ಅರದ ಹಾಗೆ ಉಜ್ಜಿತು. ಬಟ್ಟೆ ಸುಟ್ಟ ವಾಸನೆ ಬಂತು, ಪ್ಯಾಡು ಏಟು ನುಂಗಿತು, ಹೊಲಿಗೆ ಬಿಡಲಿಲ್ಲ. ಜಾರುವುದು ನಿಂತಾಗ ನನ್ನೊಳಗಿನ ಕೈ ಹಾಗೆಯೇ ಇತ್ತು. ಪ್ರಭುಲಿಂಗ ಎದ್ದ. ಕೂಗುತ್ತ ಓಡಿದ.

ಮಹಾದೇವಿ ರಸ್ತೆಯ ಅಂಚಿನಲ್ಲಿ ಬಿದ್ದಿದ್ದಳು. ತಲೆಗೆ ಏನೂ ಆಗಿರಲಿಲ್ಲ. ನನ್ನ ತೋಳು ಸವೆದ ಜಾಗದಲ್ಲೇ ಅವಳ ತೋಳೂ ಸವೆದಿತ್ತು. ಆದರೆ ಅಲ್ಲಿ ಬಟ್ಟೆಯೂ ಇರಲಿಲ್ಲ, ಪ್ಯಾಡೂ ಇರಲಿಲ್ಲ. ಬೆಳ್ಳಗೆ ಮೂಳೆ ಕಾಣುತ್ತಿತ್ತು. ಅವನು ಅವಳನ್ನು ಎದೆಗೆ ಒತ್ತಿಕೊಂಡ. ಅವಳ ರಕ್ತ ನನಗೂ ಇಳಿಯಿತು.

ಆಸ್ಪತ್ರೆಯಲ್ಲಿ ಮೂರು ಸಲ ಆಪರೇಷನ್ ಆಯಿತು. ಮೊಣಕೈಯ ಕೀಲು ಪುಡಿಯಾಗಿತ್ತು. ಕಬ್ಬಿಣದ ಪಟ್ಟಿ ಹಾಕಿದರು, ಕೀವು ತುಂಬಿತು, ತೆಗೆದು ಮತ್ತೆ ಹಾಕಿದರು. ಕೊನೆಗೆ ಕೈ ಉಳಿಯಿತು, ಮಡಚಲು ಬರಲಿಲ್ಲ. ನೆಟ್ಟಗಿನ ಕೋಲಿನ ಹಾಗೆ ನಿಂತುಬಿಟ್ಟಿತು. ಬಾಯಿಗೆ ತುತ್ತು ಮುಟ್ಟಿಸಲಾಗದು, ಹೆರಳು ಹಾಕಿಕೊಳ್ಳಲಾಗದು. ಎಡಗೈಯಿಂದ ಉಣ್ಣುವುದನ್ನು ಕಲಿಯುವಾಗ ಅವಳು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಹೊಲಿಗೆ ಮಷೀನಿನ ಮೇಲೆ ಹಳೆಯ ಚಾದರ ಬಿತ್ತು.

ನೋಡಲು ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು. "ಪ್ರಭುಗರ ಏನೂ ಆಗಿಲ್ಲಲಾ. ಒಂದ ಗೀರೂ ಇಲ್ಲ ನೋಡು." ಆ ಮಾತು ಬಂದಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ.

ಅವನು ಮತ್ತೆ ಕೆಲಸಕ್ಕೆ ಹೊರಟ. ಬರೀ ಅಂಗಿಯಲ್ಲಿ. ನನ್ನನ್ನು ಮಹಾದೇವಿಯ ತಮ್ಮ ಶಿವಯೋಗಿಗೆ ಕೊಟ್ಟುಬಿಟ್ಟ. ಶಿವಯೋಗಿ ಊರೊಳಗೆ ಪಾರ್ಸಲ್ ಮುಟ್ಟಿಸುವವನು. ಸೆಕೆ ಎಂದು ಎರಡನೆಯ ವಾರಕ್ಕೇ ನನ್ನ ಪ್ಯಾಡುಗಳನ್ನೆಲ್ಲ ಕಿತ್ತು ಕಪಾಟಿಗೆ ಎಸೆದ. ನಾನು ಟೊಳ್ಳಾದೆ. ನೋಡುವವರಿಗೆ ಮಾತ್ರ ಮೊದಲಿನ ಹಾಗೆಯೇ ಇದ್ದೆ.

ಒಂದು ದಿನ ಅವನು ಅಕ್ಕನನ್ನು ನೋಡಲು ಬಂದ. ಮಹಾದೇವಿ ಎಡಗೈಯಿಂದ ನನ್ನ ತೋಳು ಹಿಡಿದು ಒತ್ತಿದಳು. ಬೆರಳಿಗೆ ಬರೀ ಬಟ್ಟೆ ಸಿಕ್ಕಿತು.

"ಇದರಾಗಿಂದು ಎಲ್ಲೈತೋ?"

"ಊರಾಗ ಓಡಸ್ತೀನಿ ಅಕ್ಕಾ, ಅದ್ಯಾಕ ಬೇಕು? ಮೈ ಕುದೀತೈತಿ."

ಅವಳು ತನ್ನ ಬಲಗೈಯನ್ನು ಅವನ ಎದೆಗೆ ಚಾಚಿದಳು. ಹೇಗೂ ಅದು ಚಾಚಿಕೊಂಡೇ ಇತ್ತು. "ಇದನ್ನ ನೋಡು. ನೋಡಿ ಹೇಳು, ಯಾಕ ಬೇಕಂತ."

ಶಿವಯೋಗಿ ಎದ್ದು ಹೊರಟ. ಸಂಜೆಯೊಳಗೆ ಪ್ಯಾಡುಗಳನ್ನು ತಂದುಕೊಟ್ಟು, ನನ್ನನ್ನೂ ಅಲ್ಲೇ ಬಿಟ್ಟು ಹೋದ. ಅವಳು ಒಂದೇ ಕೈಯಲ್ಲಿ, ಹಲ್ಲಿನಿಂದ ಚೀಲದ ಬಾಯಿ ಹಿಡಿದು, ಒಂದೊಂದನ್ನೇ ಒಳಗೆ ಸೇರಿಸಿದಳು. ಪ್ರಭುಲಿಂಗ ಬಂದಾಗ ನನ್ನನ್ನು ಅವನ ಮುಂದೆ ಇಟ್ಟಳು.

"ನಾಳಿಂದ ಹಾಕ್ಕೊಂಡು ಹೋಗ್ರಿ. ನನಗ ಹಿಂಗಾತಂತ ನೀವು ಸಾಯಬೇಕೇನು?"

"ನನ್ನ ಕಡಿಂದ ಆಗೂದಿಲ್ಲ, ಮಾದೇವಿ. ಅದು ಮೈಮ್ಯಾಲ ಬಂತಂದ್ರ ನೀ ಕೂಗಿದ್ದು ಕೇಳತೈತಿ."

ಅವಳು ಅವನ ಕಡೆ ತಿರುಗಿದಳು.

"ನಾ ಕೂಗಲಿಲ್ರಿ. ನನಗ ಉಸಿರ ಇರಲಿಲ್ಲ. ಕೂಗಿದವರು ನೀವು."

ಅವನು ಬೈಕಿನ ಕೀಲಿ ತೆಗೆದು ಗೂಟಕ್ಕೆ ಹಾಕಿದ. ಮರುದಿನ ಬಸ್ಸಿಗೆ ಹೋದ. ಅದರ ಮರುದಿನವೂ ಬಸ್ಸೇ. ಬೈಕನ್ನು ಯಾರೋ ಬಂದು ಕೊಂಡುಕೊಂಡು ಹೋದರು. ಬಸ್ಸಿನಲ್ಲಿ ಅಷ್ಟು ಊರು ಮುಟ್ಟಲಾಗದೆ ಕಂಪನಿ ಅವನನ್ನು ಬಿಟ್ಟಿತು. ಈಗ ಒಂದು ಔಷಧ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುತ್ತಾನೆ. ನಾನು ಅಲಮಾರಿಯ ತಳದಲ್ಲಿ ಮಲಗಿದೆ. ನನ್ನನ್ನು ಹಾಕಿಕೊಂಡವನನ್ನು ಕಾಯ್ದೆ, ಅದು ನಿಜ. ಅದಕ್ಕಿಂತ ಹೆಚ್ಚಿನದು ನನ್ನಿಂದ ಆಗುತ್ತಿರಲಿಲ್ಲ ಎಂಬುದೂ ನಿಜ. ಆ ಮನೆಯಲ್ಲಿ ಇವೆರಡೂ ಒಟ್ಟಿಗೆ ಬದುಕಬೇಕಾಯಿತು.

ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಮಹಾದೇವಿ ನನ್ನನ್ನು ಹೊರತೆಗೆದಳು. ಯಾಕೆಂದು ನನಗೆ ಗೊತ್ತಿಲ್ಲ. ಎಡಗೈ ತೂರಿಸಿದಳು. ಬಲಗೈ ಹಿಂದಕ್ಕೆ ಬಾಗದೆ, ನನ್ನ ತೋಳು ಬೆನ್ನಿಗೆ ಜೋತುಬಿತ್ತು. ಹಾಗೇ ನಿಂತಿರುವಾಗ ಪ್ರಭುಲಿಂಗ ಒಳಗೆ ಬಂದ.

"ಆ ಕೈ ಮೊದಲ ಹಾಕಬೇಕು," ಎಂದ. ದಿನವೂ ಅವಳಿಗೆ ರವಿಕೆ ತೊಡಿಸುವವನು ಅವನೇ. ನನ್ನನ್ನು ಬಿಚ್ಚಿ, ಮೊದಲು ಬಲಗೈಗೆ ಮೆಲ್ಲಗೆ ಏರಿಸಿ, ಆಮೇಲೆ ಎಡಗೈಗೆ ತೊಡಿಸಿದ. ನಾನು ಅವಳ ಮೈಮೇಲೆ ದೊಗಳೆಯಾಗಿ ಇಳಿಬಿದ್ದೆ. ನನ್ನ ಮೊಣಕೈಯ ಪ್ಯಾಡು ಅವಳ ಮುಂಗೈಯ ಹತ್ತಿರ ಬಂದು ಕೂತಿತು. ಅವನು ಅದನ್ನು ಮೇಲಕ್ಕೆ ಸರಿಸಿ, ಗಾಯದ ಕಲೆಯ ಮೇಲೆ ಇಟ್ಟ. ಕೈ ಬಿಟ್ಟ ಕೂಡಲೇ ಜಾರಿತು.

"ನಿನ್ನ ಅಳತೀದು ಒಂದು ತರಬೇಕಿತ್ತು," ಎಂದ.

"ಹೂಂ," ಎಂದಳು ಮಹಾದೇವಿ. "ತರಬೇಕಿತ್ತು."

ಅವನು ಮತ್ತೆ ಅದನ್ನು ಮೇಲಕ್ಕೆ ಸರಿಸಿದ. ಈ ಸಲ ಕೈ ಬಿಡಲಿಲ್ಲ.