ಅಳಿಯ ಹುಲ್ಲು

“ಏಯ್! ಫ್ಯಾನು ನಿಮ್ಮಪ್ಪಂದೇನೇ? ಸರಿಯೇ ಆಚೆಗೆ! ಹುಲ್ಲಿಗೆ ಬರೋ ಗಾಳಿಗೆ ಅಡ್ಡ ನಿಂತ್ಕೊಂಡು ಮೈ ಆರಿಸ್ಕೊಳ್ತಿದಾಳೆ, ದರಿದ್ರದವಳು!”

ಬೈಸಿಕೊಂಡವಳು ಪೈಪಕ್ಕನ ನಾದಿನಿ. ಬೆಳಿಗ್ಗೆಯಿಂದ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಕಣ್ಣು ಕತ್ತಲೆ ಬಂದಂತಾಗಿ ಆಳೆತ್ತರದ ಆ ಫ್ಯಾನಿನ ಮುಂದೆ ಒಂದು ಗಳಿಗೆ ನಿಂತಿದ್ದಳು, ಅಷ್ಟೆ. ಅಂಥ ಫ್ಯಾನುಗಳು ಗಾಲ್ಫ್ ಮೈದಾನದ ತುಂಬ ಇದ್ದವು. ಹಗಲಿಡೀ ಹುಲ್ಲಿಗೆ ಗಾಳಿ ಬೀಸುವುದು ಅವುಗಳ ಕೆಲಸ. ಕೆಲಸದವರು ಊಟಕ್ಕೆ ಕೂರುವ ತಗಡಿನ ಶೆಡ್ಡಿಗೆ ಒಂದು ಕಿಟಕಿಯೂ ಇರಲಿಲ್ಲ.

ಬೈದವನು ಮೈದಾನದ ಮ್ಯಾನೇಜರು. ಕೊಡೆ ಇಲ್ಲದೆ ಹೊಸ್ತಿಲು ದಾಟದ ಆಸಾಮಿ. ಹೆಂಗಸರು ಅವನನ್ನು ಎದುರಿಗೆ ‘ಸಾರ್’ ಎಂದೂ, ಬೆನ್ನು ತಿರುಗಿಸಿದ ಕೂಡಲೇ ‘ಛತ್ರಿ’ ಎಂದೂ ಕರೆಯುತ್ತಿದ್ದರು.

“ಅವಳಿಗೆ ಹುಷಾರಿಲ್ಲ ಸಾರ್,” ಅಂದಳು ಪೈಪಕ್ಕ, ಕೈಯಲ್ಲಿನ ಪೈಪನ್ನು ಇಳಿಸದೆ.

“ಹುಷಾರಿಲ್ದಿದ್ರೆ ಮನೇಲಿ ಬಿದ್ಕೋಬೇಕಿತ್ತು. ಬಾ ಅಂತ ನಾನೇನು ವೀಳ್ಯ ಕಳಿಸಿದ್ನಾ?”

ಬಾ ಎಂದು ಕರೆತಂದವಳು ಪೈಪಕ್ಕನೇ. ಮೂರು ತಿಂಗಳ ಕೂಸಿನ ತಾಯಿ, “ಅತ್ತಿಗೆ, ಇವತ್ತು ಬೇಡ, ತಲೆ ಎತ್ತಕ್ಕಾಗ್ತಿಲ್ಲ” ಎಂದು ಅಂಗಲಾಚಿದ್ದಳು. “ಇವತ್ತೊಂದಿನ ಹಲ್ಲು ಕಚ್ಕೊಂಡು ಬಾರೇ. ಇವತ್ತು ಅಳಿಯ ಉಳಿದ್ರೆ ನಾವೂ ಉಳೀತೀವಿ” ಎಂದು ಕೈ ಹಿಡಿದು ಎಳೆದುಕೊಂಡು ಬಂದಿದ್ದಳು.

ಅಳಿಯ ಎಂದರೆ ಮನುಷ್ಯನಲ್ಲ, ಹುಲ್ಲು. ಚೆಂಡು ಬೀಳುವ ಗುಳಿಯ ಸುತ್ತ ಮಖಮಲ್ಲು ಹಾಸಿದಂತೆ ನುಣ್ಣಗೆ ಕತ್ತರಿಸಿದ ಜಾಗಕ್ಕೆ ಗ್ರೀನು ಅನ್ನುತ್ತಾರೆ. ಅಲ್ಲಿ ಹಾಕಿದ್ದು ಚಳಿ ದೇಶದ ಹುಲ್ಲು. ಅದಕ್ಕೆ ಬಿಸಿಲು ಆಗದು, ಬಿಸಿಗಾಳಿ ಆಗದು, ಬೇರಿಗೆ ನೀರು ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಸೀಯುತ್ತದೆ. ನೆತ್ತಿ ಸುಡುವ ಹೊತ್ತಿನಲ್ಲಿ ಮಂಜಿನ ಹಾಗೆ ಸಣ್ಣಗೆ ನೀರು ಚಿಮುಕಿಸುತ್ತ, ಗಾಳಿ ಬೀಸುತ್ತ, ಅದರ ಮುಖ ನೋಡುತ್ತ ನಿಂತಿರಬೇಕು. ಹಬೆಯಾಡುವ ಬಿಸಿಲಲ್ಲಿ ಹಾಗೆ ನಿಂತಿರುವುದಕ್ಕೇ ಈ ಹೆಂಗಸರಿಗೆ ಕೂಲಿ. ಇಷ್ಟೆಲ್ಲ ಉಪಚಾರ ಬೇಡುವುದು ಮನೆಗೆ ಬಂದ ಅಳಿಯನೊಬ್ಬನೇ ಎಂದು ಯಾರೋ ನಕ್ಕಿದ್ದರು, ಹೆಸರು ಅಂಟಿಕೊಂಡಿತು.

ಆ ಅಳಿಯನಿಗೆ ಈಗ ಕುತ್ತು ಬಂದಿತ್ತು. ಇಷ್ಟು ದುಡ್ಡು, ಇಷ್ಟು ನೀರು ಸುರಿಯುವ ಬದಲು ಸೆಖೆ ತಾಳುವ ಹುಲ್ಲನ್ನೇ ಹಾಕಿದರಾಯಿತಲ್ಲ ಎಂದು ಕ್ಲಬ್ಬಿನಲ್ಲಿ ಮಾತಾಗಿ, ಪಕ್ಕಪಕ್ಕದಲ್ಲಿ ಎರಡು ಗ್ರೀನು ಮಾಡಿಸಿ ಪರೀಕ್ಷೆಗೆ ಇಟ್ಟಿದ್ದರು. ಎಡಕ್ಕೆ ಅಳಿಯ. ಬಲಕ್ಕೆ ಗರಿಕೆಯ ಜಾತಿಯದೇ ಒಂದು ಹೊಸ ತಳಿ. ಬಿಸಿಲು ಏರಿದಷ್ಟೂ ಮೈ ಕೊಡವಿಕೊಂಡು ಹಬ್ಬುವ ಹುಲ್ಲು, ಫ್ಯಾನು ಬೇಡ, ಚಿಮುಕಿಸುವವರು ಬೇಡ. ಅದನ್ನು ಆರಿಸಿದರೆ ಈ ಹೆಂಗಸರೆಲ್ಲ ಮನೆಗೆ. ಅದಕ್ಕೆ ಅವರು ಅದನ್ನು ‘ಸವತಿ’ ಎಂದು ಕರೆಯುತ್ತಿದ್ದರು. ವರ್ಷಗಟ್ಟಲೆ ಮಂಡಿಯೂರಿ, ಚಾಕು ಹಿಡಿದು, ಅಳಿಯನ ನಡುವೆ ತಲೆಯೆತ್ತಿದ ಗರಿಕೆಯನ್ನು ಬೇರುಸಹಿತ ಕಿತ್ತೆಸೆದವರು ಇವರೇ. ಈಗ ಅದೇ ಕುಲದ್ದು ಲಾರಿಯಲ್ಲಿ ಮೆರವಣಿಗೆ ಬಂದಿತ್ತು.

ಇವತ್ತು ಕ್ಲಬ್ಬಿನ ಅಧ್ಯಕ್ಷರು ಬಂದು ಎರಡನ್ನೂ ನೋಡಿ ತೀರ್ಮಾನ ಹೇಳುವ ದಿನ. ನಡು ಮಧ್ಯಾಹ್ನವೇ ಬರುತ್ತೇನೆ, ಆಗ ತಾನೆ ಬಣ್ಣ ಬಯಲಾಗುವುದು ಅಂದಿದ್ದರು. ಅಳಿಯನನ್ನು ತರಿಸಿದವನು ಛತ್ರಿ. ಅವನ ಹೊಟ್ಟೆಪಾಡೂ ಅದರ ಮೇಲೆಯೇ ನಿಂತಿತ್ತು. ಹೆದರಿದವನ ಬಾಯಿ ಇನ್ನಷ್ಟು ಹೊಲಸಾಗಿತ್ತು.

“ಅವರು ಬಂದು ಹೋಗೋವರೆಗೂ ಒಬ್ಳೂ ಜಾಗ ಬಿಟ್ಟು ಕದಲಬಾರದು. ನೀರೂ ಇಲ್ಲ, ಗೀರೂ ಇಲ್ಲ. ಆಮೇಲೆ ಕುಡ್ಕೊಂಡು ಸಾಯ್ರಿ.”

ಪೈಪಿನಲ್ಲಿ ಬರುವುದು ಕೆರೆಯ ನೀರು, ಔಷಧಿ ಬೆರೆಸಿದ್ದು. ಕುಡಿಯುವ ನೀರಿನ ಡ್ರಮ್ಮು ಅಷ್ಟು ದೂರ, ಶೆಡ್ಡಿನಲ್ಲಿ. ನಾದಿನಿ ತುಟಿ ನೆಕ್ಕಿಕೊಂಡು ತನ್ನ ಪೈಪು ಎತ್ತಿದಳು. ಅವಳ ಎದೆಯ ಬಳಿ ಬಟ್ಟೆ ಒದ್ದೆಯಾಗಿತ್ತು. ಕೂಸಿಗೆ ಕುಡಿಸುವ ಹೊತ್ತಾಗಿತ್ತು.

ಅಧ್ಯಕ್ಷರು ಬಿಳಿಯ ಗಾಡಿಯಲ್ಲಿ ಬಂದಿಳಿದರು. ಸದ್ದಿಲ್ಲದ ಬ್ಯಾಟರಿ ಗಾಡಿ, ಮೇಲೆ ಚಪ್ಪರ, ಹಿಂದಿನ ಸೀಟಿನಲ್ಲಿ ಐಸು ತುಂಬಿದ ಡಬ್ಬಿ. ಜೊತೆಗೆ ಸವತಿಯನ್ನು ಮಾರುವ ಕಂಪನಿಯವನೂ ಇದ್ದ. ಗಾಡಿ ಗ್ರೀನಿನ ಅಂಚಿಗೆ ನಿಂತಿತು. ಗ್ರೀನಿನ ಮೇಲೆ ಚಕ್ರ ಹತ್ತಿಸುವುದು ಅಲ್ಲಿ ಕೊಲೆಗೆ ಸಮ.

ಅಧ್ಯಕ್ಷರು ಬಲಗಡೆ ಒಂದು ಚೆಂಡು ಉರುಳಿಸಿದರು, ಎಡಗಡೆ ಒಂದು.

“ಚೆಂಡಿನ ಓಟ ಅಂದ್ರೆ ಇದರದ್ದೇ,” ಎಂದು ಅಳಿಯನ ಕಡೆ ಕಣ್ಣು ಹಾಯಿಸಿದರು. “ನಿಮ್ಮದು ಸ್ವಲ್ಪ ಒರಟು ಕಣ್ರೀ.”

“ಒರಟು ಸಾರ್, ಒಪ್ಕೋತೀನಿ. ಆದ್ರೆ ನಮ್ಮದಕ್ಕೆ ಇಷ್ಟೊಂದು ಜನ ಬೇಡ ನೋಡಿ,” ಕಂಪನಿಯವನು ಹೆಂಗಸರತ್ತ ಗದ್ದ ತೋರಿಸಿದ. “ಇವತ್ತು ರಜಾ ಅಂತಾರೆ, ನಾಳೆ ಕೂಲಿ ಜಾಸ್ತಿ ಮಾಡಿ ಅಂತಾರೆ. ಹುಲ್ಲು ಯಾವತ್ತಾದ್ರೂ ಏನಾದ್ರೂ ಕೇಳುತ್ತಾ?”

ಅಧ್ಯಕ್ಷರು ನಕ್ಕರು. ಛತ್ರಿ ಅವರಿಗಿಂತ ಜೋರಾಗಿ ನಕ್ಕ. ಪೈಪಕ್ಕನಿಗೆ ಮೈ ಉರಿದುಹೋಯಿತು. ಆದರೂ ಮನಸ್ಸಿನಲ್ಲೇ, ಇನ್ನೊಂದು ಗಳಿಗೆ ತಾಳು ಅಳಿಯಾ, ಬಣ್ಣ ಬಿಡಬೇಡ, ಎಂದು ಬೇಡಿಕೊಳ್ಳುತ್ತ ನೀರು ಚಿಮುಕಿಸುತ್ತಲೇ ಇದ್ದಳು.

“ಬಣ್ಣ ಹೀಗೇ ನಿಂತ್ರೆ ಇದನ್ನೇ ಇಟ್ಕೊಳ್ಳೋಣ,” ಅಂದರು ಅಧ್ಯಕ್ಷರು. “ಇಲ್ಲೇ ಕಾಲು ಗಂಟೆ ನಿಂತು ನೋಡಿಬಿಡ್ತೀನಿ.”

ಅಷ್ಟರಲ್ಲಿ ಧೊಪ್ಪೆಂದು ಸದ್ದಾಯಿತು. ನಾದಿನಿ ಗ್ರೀನಿನ ನಟ್ಟನಡುವೆ ಬಿದ್ದಿದ್ದಳು. ಪೈಪು ಅವಳ ಪಕ್ಕದಲ್ಲಿ ಹೊರಳಾಡುತ್ತ ಎಲ್ಲೆಲ್ಲಿಗೋ ನೀರು ಎರಚುತ್ತಿತ್ತು.

“ಏನಾಯ್ತು ಇದಕ್ಕೆ?” ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದರು.

ಪೈಪಕ್ಕ ಓಡಿದಳು. ಹಣೆ ಮುಟ್ಟಿದರೆ ಕಾದ ಹೆಂಚು. ಅಷ್ಟು ಬಿಸಿಲಿನಲ್ಲೂ ಮೈಯಲ್ಲಿ ಒಂದು ಹನಿ ಬೆವರಿಲ್ಲ. ಕಣ್ಣು ಅರೆ ತೆರೆದಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ನಾಲಗೆ ತೊದಲುತ್ತಿತ್ತು.

“ಮೊಣಕಾಲು ಊರಬೇಡ ಕಣೇ, ಗುಳಿ ಬೀಳತ್ತೆ!” ಛತ್ರಿ ಹಲ್ಲು ಕಡಿದು ಪಿಸುಗುಟ್ಟಿದ. “ಎಳ್ಕೊಂಡು ಆಚೆ ಹಾಕು ಅವಳನ್ನ. ನೀರು ನಿಲ್ಲಿಸಬೇಡ!”

ಪೈಪಕ್ಕ ತನ್ನ ಪೈಪನ್ನು ನಾದಿನಿಯ ಮೈಮೇಲೆ ತಿರುಗಿಸಿದಳು. ತಲೆ, ಕುತ್ತಿಗೆ, ಕಂಕುಳು, ಎದೆ ಎಲ್ಲ ನೆನೆಸಿದಳು.

“ಸಾರ್, ಗಾಡಿ ತರಿಸಿ. ಮುಂದಿನ ಗೇಟಿನೆದುರಿಗೇ ಆಸ್ಪತ್ರೆ ಇದೆ. ಹೋಗ್ಬಿಡ್ತಾಳೆ ಸಾರ್ ಇವಳು!”

“ಗ್ರೀನ್ ಮೇಲೆ ಗಾಡಿ? ತಲೆ ನೆಟ್ಟಗಿದೆಯಾ?” ಛತ್ರಿ ಗದರಿದ. “ಹೊತ್ಕೊಂಡು ಹಿಂದಿನ ದಾರೀಲಿ ಹೋಗ್ರಿ.”

ಹಿಂದಿನ ದಾರಿ ಎಂದರೆ ಕೆರೆ ಸುತ್ತಿಕೊಂಡು, ಗೊಬ್ಬರದ ಗುಂಡಿ ದಾಟಿ, ಕೆಲಸದವರ ಗೇಟಿನಿಂದ ಆಚೆ ಬಿದ್ದು, ಮತ್ತೆ ಕಾಂಪೌಂಡಿನ ಉದ್ದಕ್ಕೂ ನಡೆಯಬೇಕು. ಅಷ್ಟು ಹೊತ್ತಿಗೆ ಹೆಣವನ್ನೇ ಹೊತ್ತ ಹಾಗಾಗುತ್ತಿತ್ತು.

“ಪೈಪಕ್ಕಾ,” ಹೆಂಗಸರಲ್ಲಿ ಹಿರಿಯಳಾದ ದೊಡ್ಡಮ್ಮ ಗಂಟಲಲ್ಲೇ ಕರೆದಳು. “ಒಂದ್ ನಿಮಿಷ ಹುಲ್ಲಿಗೆ ಬಿಡೇ ತಾಯಿ. ಅಂಚಿಗೆ ನೋಡು, ನೀಲಿ ತಿರುಗ್ತಿದೆ. ನಮ್ಮೆಲ್ಲರ ಅನ್ನ ಕಣೇ ಅದು.”

ಪೈಪಕ್ಕ ನೋಡಿದಳು. ನಿಜ. ಗ್ರೀನಿನ ಆ ಬದಿಯಲ್ಲಿ ಹಸಿರು ಕಂದಿ, ಸೀಯುವ ಮೊದಲಿನ ಬೂದಿ ನೀಲಿಗೆ ತಿರುಗುತ್ತಿತ್ತು. ಆಚೆ ಈಚೆಯ ಹೆಂಗಸರು ಅದನ್ನು ಉಳಿಸಲು ಹೆಣಗುತ್ತಿದ್ದರು, ಆದರೆ ಅವರ ನಡುವಿನ ಎರಡು ಪೈಪು, ಪೈಪಕ್ಕನದೂ ನಾದಿನಿಯದೂ, ತಪ್ಪಿದ್ದವು. ಅಷ್ಟು ವರ್ಷ ಮಗುವಿನ ಹಾಗೆ ಕಾಪಾಡಿದ ಹುಲ್ಲು. ಅದು ಹೋದರೆ ನಾಳೆ ಒಲೆ ಹತ್ತುವುದಿಲ್ಲ, ತನ್ನ ಮನೆಯಲ್ಲೂ ಅಷ್ಟೆ, ದೊಡ್ಡಮ್ಮನ ಮನೆಯಲ್ಲೂ ಅಷ್ಟೆ. ಪೈಪು ಹಿಡಿದ ಕೈ ಒಮ್ಮೆ ಆ ಕಡೆಗೆ ಹೊರಳಿತು. ಹೊರಳಿದ್ದು ಸುಳ್ಳಲ್ಲ.

“ಕೂಸು...” ಅಂದಳು ನಾದಿನಿ. ಮತ್ತೆ ಅದೇ ಮಾತು, ಮತ್ತೆ ಅದೇ.

“ನೀರು ಹುಲ್ಲಿಗೆ ಬಿಡೇ ಮುಂಡೆ!” ಛತ್ರಿಗೆ ಈಗ ಅಧ್ಯಕ್ಷರ ಮುಲಾಜೂ ಉಳಿದಿರಲಿಲ್ಲ. “ಸಾಯೋರು ಸಾಯ್ತಾರೆ, ಇದು ಲಕ್ಷಾಂತರ ರೂಪಾಯಿ ಹುಲ್ಲು!”

“ಸಾಯ್ಲಿ ಬಿಡೋ ನಿನ್ನ ಹುಲ್ಲು!”

ಪೈಪಕ್ಕನ ಬಾಯಿಂದ ಅವನಿಗೆ ಏಕವಚನ ಬಂದದ್ದು ಅದೇ ಮೊದಲು. ಪೈಪು ಬಿಸುಟಳು. ನೇರ ಬಿಳಿಗಾಡಿಯ ಬಳಿಗೆ ಹೋಗಿ ಡ್ರೈವರಿನ ಸೀಟಿನಲ್ಲಿ ಕೂತಳು. ದಿನಾ ಸಂಜೆ ಆ ಗಾಡಿಗಳನ್ನು ತೊಳೆಯುವವಳು ಅವಳೇ. ಶೆಡ್ಡಿನೊಳಗೆ ಒಂದೆರಡು ಮಾರು ಹಿಂದೆ ಮುಂದೆ ಸರಿಸಿ ಅಭ್ಯಾಸವಿತ್ತು. ಕೀಲಿ ಗಾಡಿಯಲ್ಲೇ ಇತ್ತು. ಅದನ್ನು ತಮ್ಮಿಂದ ಕಸಿದುಕೊಳ್ಳುವ ಧೈರ್ಯದವರು ಈ ಲೋಕದಲ್ಲಿದ್ದಾರೆ ಎಂದು ಅಧ್ಯಕ್ಷರಿಗೆ ಎಂದೂ ಅನ್ನಿಸಿರಲಿಲ್ಲ.

ಗಾಡಿ ಅಂಚು ಹಾರಿ ಗ್ರೀನಿನ ಮೇಲೆ ಏರಿತು. ಬಾಡಿದ ಹುಲ್ಲು ಚಕ್ರದ ಕೆಳಗೆ ನೆಲಕ್ಕೆ ಅಂಟಿ ಎರಡು ಕಪ್ಪು ಗೆರೆ ಮೂಡಿದವು. ಛತ್ರಿ ಕೊಡೆ ಎಸೆದು ಎದುರಿಗೆ ಓಡಿಬಂದ.

“ಇಳಿಯೇ! ಇಳಿಯೇ ಕೆಳಗೆ! ಪೊಲೀಸಿಗೆ ಕೊಡ್ತೀನಿ!”

“ಕೊಡು, ಬೇವರ್ಸಿ. ಆಮೇಲೆ ಕೊಡು.”

ಅವಳೊಬ್ಬಳಿಗೇ ನಾದಿನಿಯನ್ನು ಎತ್ತಲು ಆಗಲಿಲ್ಲ. ನೆನೆದ ಮೈ ಜಾರುತ್ತಿತ್ತು. ಆಗ ಕಾಲಿನ ಕಡೆ ಎರಡು ಕೈ ಬಂದು ಹಿಡಿದವು. ದೊಡ್ಡಮ್ಮ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಬಾಯಲ್ಲಿ ಬೈಗುಳ.

“ಹಾಳಾದವಳೇ, ಎಲ್ಲರ ಬಾಯಿಗೂ ಮಣ್ಣು ಹಾಕ್ದೆ. ಎತ್ತು ಈಗ, ಎತ್ತು, ತಲೆ ಹುಷಾರು.”

ಹಿಂದಿನ ಸೀಟಿನಲ್ಲಿ ಮಲಗಿಸಿದರು. ಡಬ್ಬಿಯಲ್ಲಿದ್ದ ಐಸನ್ನು ದೊಡ್ಡಮ್ಮ ಬೊಗಸೆಯಲ್ಲಿ ಬಾಚಿ ನಾದಿನಿಯ ಕುತ್ತಿಗೆಗೂ ಕಂಕುಳಿಗೂ ತುಂಬಿ, ತಾನೂ ಹತ್ತಿ ಅವಳನ್ನು ಅವುಚಿಕೊಂಡು ಕೂತಳು. ಉಳಿದ ಹೆಂಗಸರು ಪೈಪು ಹಿಡಿದೇ ನಿಂತಿದ್ದರು. ನೀರು ಎಲ್ಲಿಗೆ ಬೀಳುತ್ತಿದೆ ಎಂದು ಒಬ್ಬಳೂ ನೋಡುತ್ತಿರಲಿಲ್ಲ.

“ನಿಮ್ಮದನ್ನೇ ಹಾಕ್ರೀ,” ಎಂದು ಅಧ್ಯಕ್ಷರು ಕಂಪನಿಯವನಿಗೆ ಹೇಳಿದ್ದು ಪೈಪಕ್ಕನಿಗೆ ಸ್ಪಷ್ಟವಾಗಿ ಕೇಳಿಸಿತು. “ಎಲ್ಲ ಕಡೆಗೂ. ಈ ಜನರ ಸಹವಾಸವೇ ಬೇಡ.”

ಮುಗಿಯಿತು ಎಂದುಕೊಂಡಳು. ದುಃಖವಾಯಿತು, ಆದರೆ ಕೂತು ದುಃಖಪಡಲು ಪುರಸೊತ್ತಿರಲಿಲ್ಲ. ಪೆಡಲು ಒತ್ತಿದಳು.

ಮೈದಾನದ ನಡುವೆಯೇ ಬಿಟ್ಟಳು. ದಾರಿ ಗೀರಿ ನೋಡಲಿಲ್ಲ. ಮರದ ನೆರಳಿನಲ್ಲಿ ಆಡುತ್ತಿದ್ದ ನಾಲ್ವರು ದಂಡ ಎತ್ತಿ ಹಿಡಿದು ಕೂಗಿದರು. ಮರಳಿನ ಗುಂಡಿಯ ದಡದಲ್ಲಿ ಗಾಡಿ ಓಲಾಡಿ ಇನ್ನೇನು ಮಗುಚುವಂತಾಗಿ ಮತ್ತೆ ನಿಂತಿತು. ಹಿಂದಿನಿಂದ ದೊಡ್ಡಮ್ಮ, “ಉಸಿರಾಡ್ತಿದಾಳೆ, ಉಸಿರಾಡ್ತಿದಾಳೆ, ಓಡ್ಸು” ಅನ್ನುತ್ತಿದ್ದಳು. ಆಮೇಲೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

“ದೊಡ್ಡಮ್ಮಾ?”

“ಓಡ್ಸು ನೀನು.”

ಎದುರಿಗೆ ಮುಂದಿನ ಗೇಟು ಕಂಡಿತು. ಅದು ಮೆಂಬರುಗಳ ಗೇಟು. ಇಷ್ಟು ವರ್ಷದಲ್ಲಿ ಪೈಪಕ್ಕ ಒಮ್ಮೆಯೂ ಅದರಿಂದ ಒಳಗೆ ಬಂದವಳಲ್ಲ, ಹೊರಗೆ ಹೋದವಳಲ್ಲ. ಅದರಾಚೆ ರಸ್ತೆ, ರಸ್ತೆಯಾಚೆ ಆಸ್ಪತ್ರೆಯ ಬೋರ್ಡು. ಗೇಟಿಗೆ ಅಡ್ಡಲಾಗಿ ಕೆಂಪು ಬಿಳಿ ಪಟ್ಟೆಯ ಕಂಬಿ ಇಳಿದಿತ್ತು. ಅಧ್ಯಕ್ಷರ ಗಾಡಿಯನ್ನು ಕಂಡು ವಾಚ್‌ಮನ್ನು ಎದ್ದು ಸೆಲ್ಯೂಟು ಹೊಡೆದ. ಹೊಡೆದ ಮೇಲೆ ಯಾರು ಓಡಿಸುತ್ತಿದ್ದಾರೆ ಎಂದು ಕಂಡಿತು. ಅವನ ಸೊಂಟದ ವಾಕಿಟಾಕಿಯಲ್ಲಿ ಛತ್ರಿಯ ದನಿ ಕಿರುಚುತ್ತಿತ್ತು.

“ನಿಲ್ಸು! ಕೆಲಸದವರಿಗೆ ಇಲ್ಲಿಂದ ಬಿಡಲ್ಲ. ಹಿಂದಿನ ಗೇಟಿಗೆ ಹೋಗು!” ಅವನು ಕೈ ಅಗಲಿಸಿ ಕಂಬಿಯ ಮುಂದೆ ನಿಂತ.

“ಕಂಬಿ ಎತ್ತೋ! ಎತ್ತಕ್ಕಾಗದಿದ್ರೆ ನೀನಾದ್ರೂ ಸರಿಯೋ, ನಿನಗೂ ಮನೇಲಿ ಕಾಯೋರಿದಾರೆ!”

ಅವನು ಕಂಬಿಯತ್ತ ನೋಡಿದ, ವಾಕಿಟಾಕಿಯತ್ತ ನೋಡಿದ. ಪೈಪಕ್ಕ ಪೆಡಲಿನಿಂದ ಕಾಲು ತೆಗೆಯಲಿಲ್ಲ.