ಎಂಟು ತೂತಿನ ಚಕ್ರ

ಹಳೆಯ ಪೆಟ್ಟಿಗೆಗೆ ಬಿದ್ದದ್ದು ಒಂದು ಜೊತೆ ಒಳ್ಳೆಯ ಬೂಟಿನ ದುಡ್ಡು. ಹೊಸದಕ್ಕೆ ಎರಡು ತಿಂಗಳ ದಿನಸಿಯ ದುಡ್ಡು. ಅದರ ಮೇಲೆ ಸುಂಕ, ಸಾಗಣೆ, ಬೇರೆ ಕಡೆಯಿಂದ ತರಿಸಿದ ತಗಡಿನ ಸಣ್ಣ ಬಿಡಿಭಾಗಗಳು ಎಂದು ಇನ್ನರ್ಧ ತಿಂಗಳದ್ದು. ಹಳೆಯದನ್ನು ಮಾರಿದಾಗ ಕೈಗೆ ಬಂದದ್ದು ಎರಡು ಸಲ ಕ್ಷೌರ ಮಾಡಿಸಿಕೊಳ್ಳುವಷ್ಟು. ಎರಡು ಪೆಟ್ಟಿಗೆಗಳ ನಡುವೆ ಆರು ವರ್ಷ. ಆ ಆರು ವರ್ಷಕ್ಕೆ ಎಷ್ಟು ಬಿತ್ತು ಎಂದು ಯಾವ ಅಂಗಡಿಯವನೂ ಚೀಟಿ ಬರೆದು ಕೊಡುವುದಿಲ್ಲ.

ಪೆಟ್ಟಿಗೆ ಎಂದರೆ ಪ್ಲಾಸ್ಟಿಕ್ ಕಿಟ್. ಯುದ್ಧದ ವಿಮಾನ, ಟ್ಯಾಂಕು, ಲಾರಿಗಳನ್ನು ಅಂಗೈ ಮೇಲೆ ಕೂರುವಷ್ಟು ಚಿಕ್ಕದು ಮಾಡಿ ನೂರಾರು ತುಂಡುಗಳಾಗಿ ತುಂಬಿರುತ್ತಾರೆ. ತಂದವನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿಯಬೇಕು. ಗಂಡಸರು ತಲೆ ನರೆತ ಮೇಲೂ ಇದರ ಹಿಂದೆ ಬೀಳುತ್ತಾರೆ. ಮಿಲಿಮೀಟ್ರಪ್ಪ ಅಂಥವರಲ್ಲಿ ಒಬ್ಬ.

ತಂದೆತಾಯಿ ಇಟ್ಟ ಹೆಸರು ಅವನಿಗೂ ಇತ್ತು, ಆದರೆ ಅದು ಪಿಂಚಣಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದ. ಅಂಗಡಿ ಅಂಗಡಿ ತಿರುಗಿ, ಎರಡು ಗ್ರಾಂ ಸವೆದ ತೂಕದ ಬಟ್ಟನ್ನೂ ಮುಲಾಜಿಲ್ಲದೆ ಎತ್ತಿಕೊಂಡು ಬರುತ್ತಿದ್ದ. ಲಂಚ ಮುಟ್ಟಿದವನಲ್ಲ. ನಿವೃತ್ತನಾದ ದಿನ ತಕ್ಕಡಿಯನ್ನು ಕಚೇರಿಯಲ್ಲೇ ಬಿಟ್ಟು ಬಂದ, ಬುದ್ಧಿಯನ್ನು ಬಿಟ್ಟು ಬರಲಿಲ್ಲ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಕೂದಲೆಳೆಯನ್ನೂ ಅಳೆಯುವ ಒಂದು ಉಕ್ಕಿನ ಕ್ಯಾಲಿಪರ್ ಸದಾ ಇರುತ್ತಿತ್ತು. ಹೊಸ ಕಿಟ್ ಬಂದರೆ ಬೇರೆಯವರು ಮೊದಲು ಚಿತ್ರ ನೋಡುತ್ತಿದ್ದರು, ಇವನು ಮೊದಲು ಕ್ಯಾಲಿಪರ್ ತೆಗೆಯುತ್ತಿದ್ದ.

"ಮನುಷ್ಯರಿಗೆ ನೆಗಡಿ ಆದರೆ ಮೂಗು ಒರೆಸಿಕೊಳ್ತಾರೆ, ನಮ್ಮ ಯಜಮಾನರು ಮೂಗು ಅಳೀತಾರೆ," ಎಂದು ಅವನ ಹೆಂಡತಿ ನೆಂಟರ ಮುಂದೆಯೇ ಹೇಳುತ್ತಿದ್ದಳು.

ಅವನ ಅಣ್ಣ ಸೈನ್ಯದಲ್ಲಿ ಹತ್ತೊಂಬತ್ತು ವರ್ಷ ಡ್ರೈವರ್ ಆಗಿದ್ದವನು. ಓಡಿಸುತ್ತಿದ್ದದ್ದು ಟ್ಯಾಂಕಲ್ಲ, ಕೆಟ್ಟು ನಿಂತ ಟ್ಯಾಂಕನ್ನು ಕೆಸರಿನಿಂದ ಎಳೆದು ತರುವ ಭಾರಿ ಲಾರಿ. ಆರು ಚಕ್ರ, ಹಿಂದೊಂದು ಕ್ರೇನು, ಮುಂದೆ ಉಕ್ಕಿನ ಹಗ್ಗ ಸುತ್ತಿದ ಉರುಳೆ. ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದರೆ ಏದುಸಿರು ಬಿಡುತ್ತಿತ್ತಂತೆ. ಓಡಿಸುವವರು ಅದನ್ನು 'ಎಮ್ಮೆ' ಎನ್ನುತ್ತಿದ್ದರು. ಅಣ್ಣ ಇದ್ದ ಜಾಗದಲ್ಲಿ ಕ್ಯಾಮೆರಾ ಒಯ್ಯುವ ಹಾಗಿರಲಿಲ್ಲ. ಕಾಲ ಮುಗಿದ ಮೇಲೆ ಸರ್ಕಾರ ಎಲ್ಲಾ ಎಮ್ಮೆಗಳನ್ನೂ ಗುಜರಿಗೆ ಹಾಕಿ ಕತ್ತರಿಸಿತು. ಪುಸ್ತಕಗಳಲ್ಲಿ ಉಳಿದಿದ್ದದ್ದು ಒಂದೇ ಒಂದು ಚಿತ್ರ, ಕಾರ್ಖಾನೆಯಿಂದ ಹೊಸದಾಗಿ ಬಂದು ಮೆರವಣಿಗೆಯಲ್ಲಿ ಹೊರಟ ಗಾಡಿಯದು.

ಆರು ವರ್ಷದ ಹಿಂದೆ ಕಣ್ಣಿನ ಡಾಕ್ಟರು ಅಣ್ಣನಿಗೆ ಮಾತು ಮುಚ್ಚಿಡದೆ ಹೇಳಿದರು. ಕಣ್ಣಿನೊಳಗಿನ ಒತ್ತಡ ನರವನ್ನು ತಿನ್ನುತ್ತಿದೆ, ದೃಷ್ಟಿ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತದೆ, ಔಷಧಿ ಅದನ್ನು ನಿಧಾನ ಮಾಡಬಹುದು, ನಿಲ್ಲಿಸಲಾರದು. ಆ ಗುರುವಾರ ಮಿಲಿಮೀಟ್ರಪ್ಪ ಎಂದಿನಂತೆ ಅಣ್ಣನ ಮನೆಗೆ ಹೋದಾಗ, ಅಣ್ಣ ಕಾಯಿಲೆಯ ಮಾತು ಹೆಚ್ಚು ಆಡಲಿಲ್ಲ.

"ಲೋ ತಮ್ಮಾ, ಒಂದು ಕೇಳ್ತೀನಿ, ನಗಬಾರದು. ಕಣ್ಣು ಮುಚ್ಚೋಕೆ ಮುಂಚೆ ನನ್ನ ಎಮ್ಮೇನ ಒಂದ್ಸಲ ನೋಡ್ಬೇಕು ಕಣೋ. ನಿನ್ನ ಆಟದ ಸಾಮಾನಲ್ಲಿ ಅದು ಸಿಗಲ್ವಾ?"

"ಆಟದ ಸಾಮಾನಲ್ಲ ಅಣ್ಣ, ಮಾಡೆಲ್. ಮಾಡಿಕೊಡ್ತೀನಿ. ನಾನಿಲ್ವಾ?"

ಹುಡುಕಿದ. ಎಂದೋ ಮುಚ್ಚಿಹೋದ ಕಂಪನಿಯೊಂದು ಹಿಂದೆ ಅದರ ಕಿಟ್ ಮಾಡಿತ್ತು. ಯಾರದೋ ಅಟ್ಟದಲ್ಲಿದ್ದ ಒಂದು ಪೆಟ್ಟಿಗೆ ಬೂಟಿನ ಬೆಲೆಗೆ ಸಿಕ್ಕಿತು. ಮನೆಗೆ ತಂದು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಪುಸ್ತಕದ ಚಿತ್ರ ಪಕ್ಕದಲ್ಲಿಟ್ಟುಕೊಂಡು ಅಳೆದ. ಅಳೆದವನ ಮುಖ ಇಳಿಯಿತು. ಚಾಲಕನ ಗೂಡು ಒಂದೂವರೆ ಮಿಲಿಮೀಟರ್ ಗಿಡ್ಡ. ಅದಕ್ಕಿಂತ ಕೆಟ್ಟದ್ದು ಚಕ್ರ. ಚಿತ್ರದ ಗಾಡಿಯ ಚಕ್ರಗಳಲ್ಲಿ ಎಂಟು ದುಂಡು ತೂತುಗಳಿದ್ದವು, ಕಿಟ್ಟಿನ ಚಕ್ರಗಳಲ್ಲಿ ಬರೀ ಆರು.

ಭಾನುವಾರದ ಕೂಟದಲ್ಲಿ ಇದೇ ಚರ್ಚೆ. ಮಾಡೆಲ್ ಅಂಗಡಿಯ ಹಿಂಭಾಗದಲ್ಲಿ, ಬಣ್ಣದ ಡಬ್ಬಿಗಳ ನಡುವೆ ನಾಲ್ಕು ಸ್ಟೂಲು. ಅಂಗಡಿಯವನು, ಹಲ್ಲಿನ ಡಾಕ್ಟರು, ಬ್ಯಾಂಕಿನ ಕ್ಯಾಷಿಯರು, ಇವನು. ವರ್ಷಕ್ಕೊಮ್ಮೆ ಅಂಗಡಿಯವನು ಒಂದು ಬಿಸ್ಕತ್ತಿನ ಡಬ್ಬಿ ಇಡುತ್ತಿದ್ದ. ಮುಂದೆ ಯಾವ ವಿಮಾನದ, ಯಾವ ಗಾಡಿಯ ಕಿಟ್ ಬರಬೇಕು ಎಂದು ಒಬ್ಬೊಬ್ಬರೂ ಚೀಟಿ ಬರೆದು ಹಾಕಿದರೆ ಎಲ್ಲವನ್ನೂ ಸೇರಿಸಿ ಕಿಟ್ ಮಾಡುವ ದೊಡ್ಡ ಕಂಪನಿಗೆ ಕಳಿಸುತ್ತಿದ್ದ. ಕಂಪನಿಯವರು ಓದುತ್ತಿದ್ದರೋ, ಒಲೆ ಹಚ್ಚುತ್ತಿದ್ದರೋ ದೇವರಿಗೇ ಗೊತ್ತು. ಆದರೂ ಚೀಟಿ ಬರೆಯುವಾಗ ಆ ನಾಲ್ವರ ಮುಖ ನೋಡಬೇಕಿತ್ತು, ಪರೀಕ್ಷೆಗೆ ಕೂತ ಮಕ್ಕಳ ಹಾಗೆ. ಆ ವರ್ಷ ಮಿಲಿಮೀಟ್ರಪ್ಪ ದಪ್ಪಕ್ಷರದಲ್ಲಿ ಎಮ್ಮೆಯ ಅಧಿಕೃತ ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದ.

ಅಚ್ಚರಿಯೆಂದರೆ, ಎರಡೇ ತಿಂಗಳಲ್ಲಿ ಕಂಪನಿಯ ಪಟ್ಟಿಯಲ್ಲಿ ಅದು ಬಂತು. 'ಎಲ್ಲವೂ ಹೊಸ ಅಚ್ಚು. ಬರುವ ವರ್ಷ.' ಕೂಟದವರು ಇವನ ಬೆನ್ನು ತಟ್ಟಿದರು. ಇವನು ಹಳೆಯ ಪೆಟ್ಟಿಗೆಯನ್ನು ಮುಚ್ಚಿ ಕಪಾಟಿನ ಮೇಲಿಟ್ಟ.

"ಅದನ್ನೇ ಮಾಡಿಕೊಡಬಾರದೇನ್ರೀ? ಎಂಟು ದಿನದ ಕೆಲಸ ಅಂದಿದ್ರಿ," ಎಂದಳು ಹೆಂಡತಿ. "ಭಾವನ ಕಣ್ಣು ನಿಮ್ಮ ಕಂಪನಿಗೆ ಕಾಯುತ್ತಾ?"

"ಒಂದು ವರ್ಷದಲ್ಲಿ ಏನಾಗಲ್ಲ ಕಣೆ. ತಪ್ಪು ಗಾಡಿ ಕೊಟ್ಟು ಅಣ್ಣನಿಗೆ ಮೋಸ ಮಾಡ್ಲಾ?"

ಅಣ್ಣನಿಗೂ ಅದನ್ನೇ ಹೇಳಿದ. ಅಣ್ಣ ಕೇಳಿದ, "ಒಂದೂವರೆ ಮಿಲಿಮೀಟರ್ ಅಂದ್ರೆ ಎಷ್ಟೋ?"

ಮಿಲಿಮೀಟ್ರಪ್ಪ ಕ್ಯಾಲಿಪರ್ ತೆಗೆದು, ದವಡೆಯನ್ನು ಅಷ್ಟೇ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ. ಅಣ್ಣ ಹಣೆ ಸುಕ್ಕು ಮಾಡಿ, ಕತ್ತು ಅತ್ತಿತ್ತ ತಿರುಗಿಸಿ ನೋಡಿದ.

"ನನಗೆ ಅದು ಮುಚ್ಚಿದ ಹಾಗೇ ಕಾಣುತ್ತೆ," ಎಂದ. "ಬೇರೆ ಏನೇನು ತಪ್ಪಿದೆ?"

"ಅದೆಲ್ಲ ನಿನಗೆ ಗೊತ್ತಾಗಲ್ಲ ಬಿಡಣ್ಣ. ಒಟ್ಟಿನಲ್ಲಿ ಅದು ಕಸ. ಕಾಯಿ, ಸರಿಯಾದದ್ದೇ ಕೊಡ್ತೀನಿ."

ಹತ್ತೊಂಬತ್ತು ವರ್ಷ ಓಡಿಸಿದವನಿಗೆ, ಒಂದು ದಿನವೂ ಅದನ್ನು ಕಣ್ಣಲ್ಲಿ ಕಾಣದವನು ಹೇಳಿದ ಮಾತು ಇದು. ಅಣ್ಣ ದೊಡ್ಡ ಮನಸ್ಸಿನವನು, ಮಾತು ಬೇರೆ ಕಡೆ ತಿರುಗಿಸಿದ.

ಬರುವ ವರ್ಷ ಬಂತು, ಎಮ್ಮೆ ಬರಲಿಲ್ಲ. ಅಚ್ಚಿನಲ್ಲಿ ತೊಂದರೆಯಂತೆ. ಅದರ ಬದಲು ಕಂಪನಿ ತನ್ನ ಹೆಸರುವಾಸಿ ಫೈಟರ್ ವಿಮಾನವನ್ನೇ ಬೇರೆ ಬಣ್ಣದ ಚೀಟಿ ಅಂಟಿಸಿ ಮತ್ತೆ ಬಿಟ್ಟಿತು.

"ಹನ್ನೊಂದನೇ ಸಲ," ಎಂದ ಕ್ಯಾಷಿಯರ್, ಬಾಲದ ಮೇಲಿನ ಹುಲಿಯ ಚಿತ್ರ ನೋಡುತ್ತಾ. "ಅದೇ ಮದುಮಗ, ಹೊಸ ಅಂಗಿ."

"ಬೈತೀರಿ, ಆದರೂ ಕೊಳ್ತೀರಿ," ಎಂದ ಅಂಗಡಿಯವ.

"ಕೊಳ್ಳದೆ ಇದ್ರೆ ಬೈಯೋದಕ್ಕೆ ಹಕ್ಕು ಎಲ್ಲಿರುತ್ತಪ್ಪಾ?" ಎಂದರು ಹಲ್ಲಿನ ಡಾಕ್ಟರು. ಎಲ್ಲರೂ ನಕ್ಕರು. ಎಲ್ಲರೂ ಒಂದೊಂದು ಕೊಂಡರು.

ಎರಡನೆಯ ವರ್ಷವೂ ಎಮ್ಮೆ ಬರಲಿಲ್ಲ, ಆದರೆ ಕಂಪನಿ ಅದರ ಬಿಡಿಭಾಗಗಳ ಫೋಟೋ ಹಾಕಿತು. ಮಿಲಿಮೀಟ್ರಪ್ಪ ಫೋಟೋ ದೊಡ್ಡದು ಮಾಡಿಸಿ ಚಕ್ರದ ತೂತು ಎಣಿಸಿದ. ಎಂಟು. ಇನ್ನು ಹಳೆಯದು ಯಾಕೆ ಎಂದು ಪೆಟ್ಟಿಗೆಯನ್ನು ಅಂಗಡಿಯ ವಿನಿಮಯದ ಮೇಜಿಗೆ ತಂದಿಟ್ಟ. ಎರಡು ಕ್ಷೌರದ ದುಡ್ಡಿಗೆ ಹಲ್ಲಿನ ಡಾಕ್ಟರು ಎತ್ತಿಕೊಂಡರು. ಅವರು ಅಳೆಯುವ ಪೈಕಿಯಲ್ಲ, ಅಂಟಿಸುವ ಪೈಕಿ. ಎಂಟೇ ದಿನದಲ್ಲಿ ಮಾಡಿ ಮುಗಿಸಿ, ಮಣ್ಣಿನ ಬಣ್ಣ ಬಳಿದು, ತಮ್ಮ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಕೋಣೆಯ ಗಾಜಿನ ಕಪಾಟಿನಲ್ಲಿ ಇಟ್ಟರು. ಇಡುವ ಮುಂಚೆ ಕೂಟಕ್ಕೆ ತಂದು ತೋರಿಸಿದಾಗ ಮಿಲಿಮೀಟ್ರಪ್ಪ ಒಂದೊಂದೇ ತಪ್ಪು ಎಣಿಸಿ ಹೇಳಿದ, ಒಟ್ಟು ಹದಿನೇಳು.

"ನಮ್ಮ ರೋಗಿಗಳು ಬಾಯಿ ತೆಗೆಯೋದು ನೋವಿಗೆ ಸ್ವಾಮಿ, ತೂತು ಎಣಿಸೋದಕ್ಕಲ್ಲ," ಎಂದು ಡಾಕ್ಟರು ನಕ್ಕುಬಿಟ್ಟರು.

ಗುರುವಾರಗಳು ಉರುಳಿದವು. "ಏನೋ, ಎಮ್ಮೆ ಗಬ್ಬ ಇನ್ನೂ ಎಷ್ಟು ವರ್ಷನೋ?" ಎಂದು ಅಣ್ಣ ಬಾಗಿಲಲ್ಲೇ ಕೇಳುತ್ತಿದ್ದ. ಮೂರನೆಯ ವರ್ಷ ಬಂದವರ ಗುರುತು ಹಿಡಿಯಲು ಮುಖ ಹತ್ತಿರ ತರಬೇಕಾಯಿತು. ನಾಲ್ಕನೆಯ ವರ್ಷ ಓದುವುದು ನಿಂತಿತು. ಆ ನಡುವೆ ಹಲ್ಲಿನ ಕಾಟ ಬೇರೆ. "ಇವತ್ತೂ ಹಲ್ಲು ತೋರಿಸೋಕೆ ಹೋಗಿದ್ರು," ಎಂದು ಅತ್ತಿಗೆ ಹೇಳಿದಾಗಲೆಲ್ಲ, ಪಾಪ, ಒಂದರ ಮೇಲೊಂದು ಎಂದು ಮಿಲಿಮೀಟ್ರಪ್ಪ ಮರುಗುತ್ತಿದ್ದ. ಮೆಟ್ಟಿಲಲ್ಲಿ ಬೀಳ್ಕೊಡುವಾಗ ಅತ್ತಿಗೆ ಒಂದು ಸಲ ಮೆಲ್ಲಗೆ ಹೇಳಿದ್ದಳು: "ಏನಪ್ಪಾ, ಹೇಗಾದರೂ ಇರಲಿ, ಯಾವುದಾದರೂ ಒಂದು ಮಾಡಿ ತಂದುಕೊಡಿ. ಇವರು ಕೇಳೋದು ನೋಡೋಕಾಗಲ್ಲ." ಅವನು, "ಈ ವರ್ಷ ಖಂಡಿತ ಅತ್ತಿಗೆ," ಎಂದಿದ್ದ. ಸುಳ್ಳಾಡಲಿಲ್ಲ, ಕಂಪನಿ ಹಾಗೆಂದೇ ಬರೆದಿತ್ತು.

ಐದನೆಯ ವರ್ಷದ ಕೊನೆಗೆ ಅಣ್ಣನ ದೃಷ್ಟಿ ಪೂರ್ತಿ ಹೋಯಿತು. ಆರನೆಯ ವರ್ಷ ಹೊಸ ಕಿಟ್ ಬಂತು.

ತರದೆ ಇರಲಾದೀತೇ? ತಂದ. ಮೂರು ತಿಂಗಳು ಬೆನ್ನು ಬಗ್ಗಿಸಿ ಮಾಡಿದ. ಗೂಡು ಸರಿಯಾಗಿತ್ತು, ಉರುಳೆಯ ಮೇಲಿನ ಹಗ್ಗ ನಿಜವಾದ ತಂತಿಯದು, ಚಕ್ರಕ್ಕೆ ಎಂಟು ತೂತು. ಕಣ್ಣಿಲ್ಲದಿದ್ದರೇನು, ಅಣ್ಣ ಬೆರಳಲ್ಲಿ ನೋಡುತ್ತಾನೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು, ಒಂದು ಗುರುವಾರ ರಟ್ಟಿನ ಡಬ್ಬಿಯಲ್ಲಿಟ್ಟು ಎದೆಗವಚಿಕೊಂಡು ಹೋದ.

"ಅಣ್ಣ, ಎಮ್ಮೆ ಬಂತು."

ಅಣ್ಣನ ಮುಖ ಅರಳಿತು. ಹೊಸಿಲ ಕಡೆ ತಿರುಗಿ, "ಲೇ, ಬಾರೇ ಇಲ್ಲಿ, ತಮ್ಮ ತಂದಿದ್ದಾನೆ!" ಎಂದು ಹೆಂಡತಿಯನ್ನು ಕೂಗಿದ. ಮಡಿಲಲ್ಲಿ ಟವೆಲ್ ಹಾಸಿಕೊಂಡು ಕೈ ಚಾಚಿದ. ಬೆರಳುಗಳು ಗೂಡಿನ ಮೇಲೆ ಹರಿದವು, ಕ್ರೇನು ಹತ್ತಿ ಇಳಿದವು, ಉರುಳೆಯನ್ನು ಸವರಿದವು. "ಆಹಾ, ಹಗ್ಗ ನೋಡೇ!" ಎಂದ. ಆಮೇಲೆ ಮುಂದಿನ ಚಕ್ರಕ್ಕೆ ಬಂದು ಉಗುರಿನಿಂದ ಮೆಲ್ಲಗೆ ಗೀರಿದ. ತುಟಿಗಳು ಅಲುಗಿದವು. ಮತ್ತೊಮ್ಮೆ ಸುತ್ತು ಬಂದ.

"ಎಂಟು ತೂತು ಕಣೋ."

"ಹೌದಣ್ಣ. ಸರಿಯಾಗಿ ಎಂಟು."

"ನಮ್ಮ ಎಮ್ಮೆಗೆ ಆರು."

ಮಿಲಿಮೀಟ್ರಪ್ಪ ನಕ್ಕ. "ಇಲ್ಲಣ್ಣ, ಪುಸ್ತಕದಲ್ಲಿ..."

"ಪುಸ್ತಕದ್ದು ಮೆರವಣಿಗೆ ಗಾಡಿ. ಆ ಎಂಟು ತೂತಿನ ಚಕ್ರ ಬರೀ ಶೋಕಿಗೆ. ಮೊದಲನೇ ವರ್ಷವೇ ಕಲ್ಲುದಾರೀಲಿ ಬಿರುಕು ಬಿಟ್ಟವು. ವರ್ಕ್‌ಶಾಪಿನವರು ನೀರಿನ ಲಾರಿಯ ಚಕ್ರ ಕಳಚಿ ನಮಗೆ ಹಾಕಿದ್ರು, ಹದಿನಾಲ್ಕು ಗಾಡಿಗೂ. ನಾನೇ ಎಷ್ಟು ಸಲ ಬೋಲ್ಟು ಬಿಗಿದಿಲ್ಲ! ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವೇನೋ?"

ಮಿಲಿಮೀಟ್ರಪ್ಪ ಬಗ್ಗಿ ಚಕ್ರದ ತೂತುಗಳನ್ನು ಮತ್ತೊಮ್ಮೆ ಎಣಿಸಿದ. ಆರು ವರ್ಷ, ವಾರಕ್ಕೊಂದು ಗುರುವಾರ, ಇದೇ ಕುರ್ಚಿಯಲ್ಲಿ ಎದುರುಬದುರು ಕೂತಿದ್ದ. ಯಾವ ಯಾವುದೋ ದೇಶದ, ಮುಖ ಕಾಣದ ಜನಕ್ಕೆ ಎಂಬತ್ತು ಪತ್ರ ಬರೆದು ವಿವರ ಕೇಳಿದ್ದ. ಅಣ್ಣನನ್ನು ಕೇಳಿರಲಿಲ್ಲ.

"ಹೋಗಲಿ ಬಿಡೋ, ಚೆನ್ನಾಗಿದೆ," ಎಂದು ಅಣ್ಣ ಅವನ ಮೊಣಕಾಲು ತಟ್ಟಿದ. "ನೊಂದ್ಕೋಬೇಡ. ಇಷ್ಟು ದಿನ ಹೇಳಿರಲಿಲ್ಲ, ಈಗ ಹೇಳ್ತೀನಿ. ನಾನು ನನ್ನ ಎಮ್ಮೇನ ನೋಡಿದೆ ಕಣೋ."

"ಎಲ್ಲಿ?"

"ಹಲ್ಲಿನ ಡಾಕ್ಟ್ರ ಹತ್ರ. ಒಂದು ಹಲ್ಲು ನಿಜವಾಗ್ಲೂ ಕೆಟ್ಟಿತ್ತು, ಕೀಳಿಸೋಕೆ ಹೋಗಿದ್ದೆ. ಕಾಯೋ ಕೋಣೇಲಿ ಗಾಜಿನೊಳಗೆ ನಿಂತಿತ್ತು. ಅದೇ ಮಣ್ಣು ಬಣ್ಣ, ಅದೇ ಆರು ತೂತಿನ ಚಕ್ರ. ಮೂರು ಸಲ ನನ್ನ ನಂಬರ್ ಕೂಗಿದ್ರಂತೆ, ನನಗೆ ಕೇಳಿಸಲೇ ಇಲ್ಲ."

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣು ನಗುತ್ತಿರಲಿಲ್ಲ. "ಆಮೇಲೆ ನೋಡಿ, ಇವರಿಗೆ ಇಲ್ಲದ ಹಲ್ಲುನೋವೆಲ್ಲ ಶುರುವಾಯ್ತು. ಹತ್ತು ಸಲ ಹೋದ್ರು. ಒಂದು ಸಲ ಒಳ್ಳೇ ಹಲ್ಲನ್ನೇ ಕೊರೆಸ್ಕೊಂಡು ಬಂದ್ರು."

"ನನಗೆ ಯಾಕೆ ಹೇಳಲಿಲ್ಲ ಅಣ್ಣ?"

"ಅದನ್ನ ನೀನು ಕಸ ಅಂದಿದ್ದೆ. ಕಸ ನೋಡಿ ಖುಷಿಪಟ್ಟೆ ಅಂತ ನಿನಗೆ ಹೇಗೆ ಹೇಳ್ಲಿ? ನೀನು ನನಗೋಸ್ಕರ ಕಾಯ್ತಾ ಇದ್ದೆ." ಅಣ್ಣ ಮಾಡೆಲನ್ನು ಮಡಿಲಿಂದ ಎತ್ತಿ, ಗಾಳಿಯಲ್ಲಿ ತಡವುತ್ತಾ ತಮ್ಮನ ಕೈಗೆ ಕೊಟ್ಟ. "ಇದನ್ನ ನೀನೇ ಇಟ್ಕೋ. ನನ್ನ ಕೈಯಲ್ಲಿ ಮುರಿದು ಹೋಗುತ್ತೆ. ಆ ಡಾಕ್ಟ್ರಿಗೆ ಅದು ಎಲ್ಲಿ ಸಿಕ್ತೋ ಏನೋ, ಪುಣ್ಯಾತ್ಮ. ಯಾವತ್ತಾದರೂ ಕೇಳು."

ಕೇಳುವುದೇನಿತ್ತು? 'ಅದು ನಂದೇ ಅಣ್ಣ, ನಿನಗೆಂದೇ ತಂದದ್ದು, ನಾನೇ ಮಾರಿದೆ' ಎನ್ನಬೇಕಿತ್ತು. ಅವನು "ಕೇಳ್ತೀನಿ" ಎಂದ. ರಟ್ಟಿನ ಡಬ್ಬಿ ಹಿಡಿದು ಮೆಟ್ಟಿಲಿಳಿದ.

ಅಣ್ಣ ತನ್ನ ಗಾಡಿಯನ್ನು ಹನ್ನೊಂದು ಸಲ ಕಣ್ಣಾರೆ ನೋಡಿದ, ಬೇರೆಯವರ ಕಪಾಟಿನ ಗಾಜಿನೊಳಗೆ, ಒಳ್ಳೆಯ ಹಲ್ಲೊಂದನ್ನು ಕೆಡಿಸಿಕೊಂಡು. ತಮ್ಮನಿಗೆ ಉಳಿದದ್ದು ಅಣ್ಣ ಎಂದೂ ಓಡಿಸದ ಗಾಡಿಯ ಕರಾರುವಾಕ್ಕಾದ ಮಾಡೆಲ್. ಅಣ್ಣನ ಪಕ್ಕದಲ್ಲಿ ನಿಂತು "ನೋಡು, ಇದು ನಿನ್ನದು" ಎನ್ನಬಹುದಾಗಿದ್ದ ಐದು ವರ್ಷ ಹೋಯಿತು, ಅದು ವಾಪಸು ಬರುವಂಥದ್ದಲ್ಲ.